ಧೂಮಕೇತುವಿನ ಚಿತ್ರ ತೆಗೆಯಲು ದೂರದರ್ಶಕ ಬೇಕೇ?

ನಿಮ್ಮ ಬಳಿ 18–55 ಎಂಎಂ ಲೆನ್ಸಿನ ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಒಂದು ಟ್ರೈಪಾಡ್ ಇವೆ. ಬರಿಗಣ್ಣಿಗೆ ಕಾಣುವಂಥ ಧೂಮಕೇತು ಬಂದಾಗ ಇಷ್ಟರಿಂದಲೇ ಚಿತ್ರ ತೆಗೆಯಬಹುದೇ, ದೂರದರ್ಶಕವನ್ನೂ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಕೊಳ್ಳಬೇಕಾಗಿಲ್ಲ. 2024ರಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ಬಂದಾಗ ನಾನು ಬಳಸಿದ್ದೂ ಇಂಥದೇ ಕ್ಯಾಮೆರಾವನ್ನು. ಬಾಲ ಉದ್ದಕ್ಕೆ ಚಾಚಿಕೊಂಡ ಧೂಮಕೇತುವಿನತ್ತ ದೂರದರ್ಶಕವನ್ನು ತಿರುಗಿಸಿದರೆ ತಲೆಯ ಭಾಗವಷ್ಟೇ ಚೌಕಟ್ಟಿನೊಳಗೆ ಹಿಡಿಸುತ್ತದೆ. ನೋಡಿದವರಿಗೆ ಅದು ಬಾಲಚುಕ್ಕಿ ಎಂದೇ ಅನ್ನಿಸುವುದಿಲ್ಲ.

ಕ್ಯಾಮೆರಾಕ್ಕಿಂತ ಹೆಚ್ಚಾಗಿ ನಿಂತ ಜಾಗ ಮತ್ತು ನಿಂತ ಹೊತ್ತು ಚಿತ್ರದ ಹಣೆಬರಹವನ್ನು ನಿರ್ಧರಿಸುತ್ತವೆ. ಆ ಧೂಮಕೇತು ಸೆಪ್ಟೆಂಬರ್ 27ರಂದು ಸೂರ್ಯನಿಗೆ ಅತಿ ಸಮೀಪದಲ್ಲಿ ಹಾದುಹೋಯಿತು. ಆ ದಿನಗಳಲ್ಲಿ ಅದು ಮುಂಜಾನೆ ಪೂರ್ವದಲ್ಲಿ ಕಾಣುತ್ತಿತ್ತು. ಅಕ್ಟೋಬರ್ 12ರಂದು ಭೂಮಿಗೆ ಸಮೀಪ ಬಂದ ಮೇಲೆ ಸಂಜೆಯ ಪಶ್ಚಿಮಕ್ಕೆ ದಾಟಿ, ಶುಕ್ರ ಗ್ರಹ ಮತ್ತು ಸ್ವಾತಿ ನಕ್ಷತ್ರದ ನಡುವೆ ಹುಡುಕಿದರೆ ಸಿಗುತ್ತಿತ್ತು. ಪ್ರಕಾಶಮಾನವಾದ ಧೂಮಕೇತುಗಳು ಬಹುಪಾಲು ಸೂರ್ಯನ ಬಳಿಯಲ್ಲಿರುವಾಗಲೇ ಹೊಳೆಯುವುದರಿಂದ, ಅವು ದಿಗಂತದ ಮಂಜಿನಿಂದ ಮೇಲೇರುವುದಕ್ಕೂ ಅರುಣೋದಯದ ಬೆಳಕು ಅವನ್ನು ನುಂಗುವುದಕ್ಕೂ ನಡುವೆ ನಮಗೆ ಉಳಿಯುವುದು ಇಪ್ಪತ್ತು ಇಪ್ಪತ್ತೈದು ನಿಮಿಷ ಮಾತ್ರ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಮೇಲೇರುವ ಕಾರಣ ಬೆಳಗಾಗುವುದೂ ಬೇಗ. ಆದ್ದರಿಂದ ಪೂರ್ವಕ್ಕೆ ಮರವಾಗಲಿ ಕಟ್ಟಡವಾಗಲಿ ಇಲ್ಲದ ಜಾಗವನ್ನು ಹಿಂದಿನ ದಿನ ಹಗಲಿನಲ್ಲಿಯೇ ನೋಡಿಟ್ಟುಕೊಳ್ಳಿ. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ. ಆಕಾಶದ ನಕ್ಷೆಯಾದ ಸ್ಟೆಲೇರಿಯಂ ಆ್ಯಪ್ ತೋರಿಸುವ ಧೂಮಕೇತುವಿನ ಎತ್ತರವನ್ನು ಹೀಗೆ ಅಳೆದು, ಅಲ್ಲಿಂದ ನಿಜವಾಗಿ ಕಾಣುವುದೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳಬಹುದು.

ನಾನು ಆರಿಸಿಕೊಂಡದ್ದು ಚಿಕ್ಕಬಳ್ಳಾಪುರದ ಕಡೆಯ ಒಂದು ಕೆರೆಯ ಏರಿಯನ್ನು. ಬೆಳಗಿನ ಐದು ಗಂಟೆಗೆ ಟ್ರೈಪಾಡ್ ನಿಲ್ಲಿಸುತ್ತಿದ್ದಾಗ ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ಮೊಪೆಡ್‌ನಲ್ಲಿ ಬಂದ ಹಿರಿಯರೊಬ್ಬರು ಗಾಡಿ ನಿಲ್ಲಿಸಿ, "ಯಾವ ಸರ್ವೆ ನಂಬರು ಸ್ವಾಮಿ, ಕತ್ತಲಲ್ಲೇ ಅಳೀತಿದ್ದೀರಲ್ಲ?" ಎಂದು ಕೇಳಿದರು. ಆಕಾಶವನ್ನು ತೋರಿಸಿದ ಮೇಲೆ ನಂಬಿದರು. ಅವರ ಹೆಡ್‌ಲೈಟಿನಿಂದ ಎರಡು ಚಿತ್ರಗಳು ಹಾಳಾದವು. ರಸ್ತೆಯ ಅಂಚಿನಲ್ಲಿ ನಿಲ್ಲಬಾರದೆಂಬುದು ನನಗೆ ಆಗ ತಿಳಿಯಿತು.

ಮೊದಲ ದಿನ ನಾನು ಕೆಟ್ಟದ್ದು ಫೋಕಸ್‌ನಲ್ಲಿ. ಲೆನ್ಸಿನ ಮೇಲಿನ ಅನಂತದ ಗುರುತಿಗೆ ಉಂಗುರವನ್ನು ತಿರುಗಿಸಿ ನಿಶ್ಚಿಂತೆಯಿಂದಿದ್ದೆ. ಮನೆಗೆ ಬಂದು ನೋಡಿದರೆ ನಲವತ್ತು ಚಿತ್ರಗಳಲ್ಲಿಯೂ ಚುಕ್ಕಿಗಳು ನೆನೆಹಾಕಿದ ಕಡಲೆಬೇಳೆಯಂತೆ ಊದಿಕೊಂಡಿದ್ದವು. ಆಟೋಫೋಕಸ್ ಕತ್ತಲೆಯಲ್ಲಿ ತಡಕಾಡುತ್ತದೆ, ಅದನ್ನು ನೆಚ್ಚಬೇಡಿ. ಮ್ಯಾನುವಲ್‌ಗೆ ಬದಲಿಸಿ, ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ, ಒಂದು ಪ್ರಕಾಶಮಾನವಾದ ನಕ್ಷತ್ರವನ್ನು ಹತ್ತು ಪಟ್ಟು ಹಿಗ್ಗಿಸಿಕೊಂಡು (ನನಗೆ ಆಗ ಲುಬ್ಧಕ ಒದಗಿತು), ಅದು ಸೂಜಿಮೊನೆಯಷ್ಟು ಚಿಕ್ಕದಾಗುವವರೆಗೆ ಉಂಗುರವನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿ, ಬಳಿಕ ಉಂಗುರಕ್ಕೆ ಟೇಪು ಅಂಟಿಸಿಬಿಡಿ. ಆಮೇಲೆ ಜೂಮ್ ಬದಲಿಸಿದರೆ ಫೋಕಸ್ ಮತ್ತೆ ತಪ್ಪುತ್ತದೆ. ಟ್ರೈಪಾಡ್ ಮೇಲಿರುವಾಗ ಲೆನ್ಸಿನ ಅಲುಗಾಟ ತಡೆಯುವ ಸ್ವಿಚ್ಚನ್ನು ಆಫ್ ಮಾಡಿಡಿ.

ಎಕ್ಸ್‌ಪೋಷರ್ ವಿಚಾರದಲ್ಲಿ 500ರ ಲೆಕ್ಕವನ್ನು ಕೇಳಿರಬಹುದು: 500ನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ, ಚಿಕ್ಕ ಸೆನ್ಸರ್ ಆದರೆ ಇನ್ನೊಮ್ಮೆ 1.5ರಿಂದ ಭಾಗಿಸಿದರೆ ನಕ್ಷತ್ರಗಳು ಗೆರೆಯಾಗದಂತೆ ಶಟರ್ ತೆರೆದಿಡಬಹುದಾದ ಸೆಕೆಂಡುಗಳು ಸಿಗುತ್ತವೆ. 50 ಎಂಎಂಗೆ ಇದು ಆರೂವರೆ ಸೆಕೆಂಡು. ನನ್ನ ಅಭಿಪ್ರಾಯದಲ್ಲಿ ಈ ಲೆಕ್ಕ ತೀರಾ ಉದಾರವಾದದ್ದು. 24 ಮೆಗಾಪಿಕ್ಸೆಲ್‌ನ ಇಂಥ ಸೆನ್ಸರ್‌ನಲ್ಲಿ ಆಕಾಶವು ಸೆಕೆಂಡಿಗೆ ಸುಮಾರು ಒಂದು ಪಿಕ್ಸೆಲ್ ಸರಿಯುವುದರಿಂದ ನಾನು ನಾಲ್ಕು ಸೆಕೆಂಡಿಗೆ ನಿಲ್ಲಿಸುತ್ತೇನೆ. ನಿಮ್ಮ ಲೆನ್ಸು 55ರಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲವಾದ್ದರಿಂದ ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 3200ರಿಂದ ಆರಂಭಿಸಿ, ಬೆಳಕು ಹರಿದಂತೆಲ್ಲ ಇಳಿಸುತ್ತಾ ಬನ್ನಿ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ದೂರದರ್ಶಕದ ಬದಲು 50 ಎಂಎಂ ಎಫ್/1.8 ಲೆನ್ಸನ್ನು ಕೊಳ್ಳಿ. ಅದು ನಿಮ್ಮ ಲೆನ್ಸಿಗಿಂತ ಹತ್ತು ಪಟ್ಟಿನಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಚಿತ್ರಗಳನ್ನು ಜೆಪೆಗ್ ಮಾಡದೆ, ಸೆನ್ಸರ್ ಕೊಟ್ಟ ಮೂಲ ಮಾಹಿತಿಯಿರುವ ರಾ ಫೈಲಿನಲ್ಲಿಯೇ ಉಳಿಸಿ, ಎರಡು ಸೆಕೆಂಡಿನ ಟೈಮರ್ ಬಳಸಿ.

ಧೂಮಕೇತು ಕಣ್ಣಿಗೆ ಕಾಣಲಿಲ್ಲವೆಂದು ನಿರಾಶರಾಗಿ ಹಿಂದಿರುಗಬೇಡಿ. ನನಗೂ ಬರಿಗಣ್ಣಿಗೆ ಮಸುಕಾದ ಒರೆಸುಗುರುತಿನಂತೆ ತೋರಿದ್ದು, ಪರದೆಯ ಮೇಲೆ ಬಾಲಸಮೇತ ಮೂಡಿತು. 10×50 ಬೈನಾಕ್ಯುಲರ್ ಇದ್ದರೆ ಮೊದಲು ಅದರಲ್ಲಿ ಹುಡುಕಿ, ಕ್ಯಾಮೆರಾವನ್ನು ಅಲ್ಲಿಗೆ ತಿರುಗಿಸುವುದು ಸುಲಭ.

ಒಂದೇ ಚಿತ್ರಕ್ಕೆ ತೃಪ್ತರಾಗದೆ, ಬಿಡುವು ಕೊಡದೆ ಇಪ್ಪತ್ತು ಮೂವತ್ತು ಚಿತ್ರಗಳನ್ನು ತೆಗೆಯಿರಿ. ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ಒಂದರ ಮೇಲೊಂದು ಪೇರಿಸಿದರೆ ಕಾಳುಕಾಳಾದ ನಾಯ್ಸ್ ಇಳಿದು, ಬಾಲದ ತೆಳುವಾದ ತುದಿ ಹೊರಬರುತ್ತದೆ. ಧೂಮಕೇತು ನಕ್ಷತ್ರಗಳ ನಡುವೆ ತಾನೂ ಸರಿಯುತ್ತಿರುತ್ತದಾದರೂ ಎರಡು ಮೂರು ನಿಮಿಷಗಳ ಚಿತ್ರಗಳಲ್ಲಿ ಅದು ಅಷ್ಟಾಗಿ ಗಣನೆಗೆ ಬರುವುದಿಲ್ಲ. ಹೆಚ್ಚು ಹೊತ್ತಾದರೆ ಅದಕ್ಕೆಂದೇ ಆ ತಂತ್ರಾಂಶದಲ್ಲಿ ಧೂಮಕೇತುವಿನ ಆಯ್ಕೆಯಿದೆ. ಹೊರಡುವ ಮುನ್ನ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ ಮತ್ತು ಅದೇ ಸೆಕೆಂಡುಗಳಲ್ಲಿ ಹತ್ತು ಕಪ್ಪು ಚಿತ್ರಗಳನ್ನು ತೆಗೆದುಕೊಳ್ಳಿ. ಸೆನ್ಸರ್ ತಾನಾಗಿ ಮೂಡಿಸುವ ಕೆಂಪು ನೀಲಿ ಚುಕ್ಕೆಗಳನ್ನು ಕಳೆಯಲು ತಂತ್ರಾಂಶ ಇವನ್ನೇ ಕೇಳುತ್ತದೆ.