ಹೋವರ್‌ಕ್ರಾಫ್ಟ್ ಮೂಲೆ ನೆಲಕ್ಕೆ ಉಜ್ಜುತ್ತೆ, ದೊಡ್ಡ ಮೋಟರ್ ಹಾಕ್ಲಾ?

ಪ್ರಶ್ನೆ: ಫೋಮ್ ಬೋರ್ಡಲ್ಲಿ ರಿಮೋಟ್ ಹೋವರ್‌ಕ್ರಾಫ್ಟ್ ಮಾಡಿದೀನಿ ಸರ್, ಅದೇ ಗಾಳಿ ಮೆತ್ತೆ ಮೇಲೆ ತೇಲ್ಕೊಂಡು ಓಡೋ ಬಂಡಿ. 60 ಸೆಂ.ಮೀ. ಉದ್ದ, 40 ಅಗಲ, ಬ್ಯಾಟರಿ ಸೇರಿ 600 ಗ್ರಾಂ. ಮೇಲೇಳುತ್ತೆ, ಆದ್ರೆ ಹಿಂದಿನ ಎಡ ಮೂಲೆ ಉಜ್ಜುತ್ತೆ, ತಿರುಗಿಸಿದ್ರೆ ಅಡ್ಡಡ್ಡ ಜಾರ್ಕೊಂಡು ಹೋಗುತ್ತೆ. ಎತ್ತೋ ಮೋಟರ್ ದೊಡ್ಡದು ಹಾಕ್ಬೇಕಾ?

ಉತ್ತರ: ಬೇಡ, ಮೋಟರಿಗೆ ಈಗಲೇ ದುಡ್ಡು ಹಾಕ್ಬೇಡಿ. 600 ಗ್ರಾಂ ತೂಕಾನ 2400 ಚದರ ಸೆಂ.ಮೀ.ಗೆ ಹಂಚಿದ್ರೆ ಒಂದೊಂದಕ್ಕೆ ಬರೋದು ಕಾಲು ಗ್ರಾಂ, ಇಷ್ಟು ಒತ್ತಡ ಸಣ್ಣ ಫ್ಯಾನೂ ಕೊಡುತ್ತೆ. ತೊಂದ್ರೆ ಇರೋದು ಸೋರಿಹೋಗೋ ಗಾಳೀಲಿ. ನಿಮ್ಮದರ ಸುತ್ತಳತೆ 2 ಮೀಟರ್, ಅಡೀಲಿ ಬರೀ 2 ಮಿ.ಮೀ. ಸಂದಿ ಇದ್ರೂ 40 ಚದರ ಸೆಂ.ಮೀ. ತೂತು ಬಿಟ್ಟಂಗೆ, ಅದೇ ಸಂದಿ 1 ಮಿ.ಮೀ.ಗೆ ಇಳಿದ್ರೆ ಬೇಕಾಗೋ ಗಾಳಿ ಹತ್ರಹತ್ರ ಅರ್ಧ ಆಗುತ್ತೆ. ಅದಕ್ಕೇ ನಾನು ಯಾವಾಗ್ಲೂ ಸ್ಕರ್ಟ್, ಅಂದ್ರೆ ಅಂಚಿನ ಸುತ್ತ ಗಾಳಿ ಹಿಡಿದಿಡೋ ಪಟ್ಟಿ, ಮೊದಲು ನೋಡಿ ಅನ್ನೋದು. 1959ರಲ್ಲಿ ಇಂಗ್ಲಿಷ್ ಚಾನೆಲ್ ದಾಟಿದ ಹೋವರ್‌ಕ್ರಾಫ್ಟ್ ಎಸ್‌ಆರ್.ಎನ್1ಗೂ ಆಗ ಸ್ಕರ್ಟ್ ಇರ್ಲಿಲ್ಲ, ಆಮೇಲೆ ಅದನ್ನ ಸೇರಿಸಿದ್ಮೇಲೇ ದೊಡ್ಡ ಅಲೆ, ಉಬ್ಬುತಗ್ಗು ದಾಟೋಕೆ ಧೈರ್ಯ ಬಂತು.

ಈಗ ಆ ಮೂಲೆ. ತಳ್ಳೋ ಮೋಟರ್ ಆಫ್ ಮಾಡಿ, ನುಣುಪು ನೆಲದ ಮೇಲೆ ಎತ್ತೋ ಫ್ಯಾನ್ ಮಾತ್ರ ಓಡಿಸಿ, ಬ್ಯಾಟರೀನ ಸ್ವಲ್ಪ ಮುಂದಕ್ಕೆ ಬಲಕ್ಕೆ ಸರಿಸಿ ನೋಡಿ. ಮೂಲೆ ಎದ್ರೆ ಅದು ತೂಕದ ಸಮಸ್ಯೆ, ಬ್ಯಾಟರಿ ಅಲ್ಲೇ ವೆಲ್ಕ್ರೋದಲ್ಲಿ ಕೂರಿಸಿ. ಏಳ್ಲಿಲ್ಲ ಅಂದ್ರೆ ಸ್ಕರ್ಟ್ ಅಲ್ಲಿ ಸುಕ್ಕಾಗಿದೆ ಇಲ್ಲಾ ಅಂಟು ಬಿಟ್ಟಿದೆ, ಟಿಶ್ಯೂ ಪೇಪರ್ ಚೂರು ಹಿಡ್ಕೊಂಡು ಅಂಚಿನ ಸುತ್ತ ಹೋಗಿ, ಎಲ್ಲಿ ಜೋರಾಗಿ ಹಾರಾಡುತ್ತೋ ಅಲ್ಲೇ ಸೋರಿಕೆ. ಒಂದೇ ಉದ್ದದ ಪಟ್ಟಿ ಎಳೆದು ಅಂಟಿಸಿದ್ರೆ ಮೂಲೇಲಿ ಬಟ್ಟೆ ಸಾಲಲ್ಲ, ಅಲ್ಲಿ ಬೇರೆ ತುಂಡು ಕತ್ತರಿಸಿ ಹಾಕಿ, ಬೋರ್ಡಿನ ಮೂಲೇನೂ ದುಂಡಗೆ ಮಾಡಿ. ಪ್ಲಾಸ್ಟಿಕ್ ಕವರ್ ಒರಟು ನೆಲದಲ್ಲಿ ಬೇಗ ಸವೆಯುತ್ತೆ, ತೆಳು ನೈಲಾನ್ ಬಟ್ಟೆ ವಾಸಿ. ಇನ್ನೊಂದು, ತಳ್ಳೋ ಫ್ಯಾನ್ ಎತ್ತರದಲ್ಲಿ ಇರೋದ್ರಿಂದ ಥ್ರಾಟಲ್ ಕೊಟ್ಟಾಗ (ಅಂದ್ರೆ ಮೋಟರ್ ವೇಗ ಏರಿಸಿದಾಗ) ಮೂಗು ಕೆಳಗೆ ಒತ್ತುತ್ತೆ, ಹಾಗಾಗಿ ಬ್ಯಾಟರಿ ತೀರಾ ಮುಂದಕ್ಕೆ ತಂದುಬಿಡ್ಬೇಡಿ.

ಅಡ್ಡ ಜಾರೋದು ಪೂರ್ತಿ ಹೋಗಲ್ಲ, ನೆಲದ ಹಿಡಿತಾನೇ ಇಲ್ವಲ್ಲ. ರಡ್ಡರ್, ಅಂದ್ರೆ ಗಾಳೀನ ಪಕ್ಕಕ್ಕೆ ತಿರುಗಿಸೋ ಹಲಗೆ, ಕೆಲಸ ಮಾಡೋದು ಫ್ಯಾನ್ ಗಾಳಿ ಬಡಿದಾಗ ಮಾತ್ರ, ಅದಕ್ಕೆ ಫ್ಯಾನ್ ಹಿಂದೆ ಅದರಷ್ಟೇ ಎತ್ತರದ ಎರಡು ರಡ್ಡರ್ ಹಾಕಿ. ತಿರುವಿಗೆ ಮುಂಚೇನೇ ಮೂಗು ತಿರುಗಿಸಿ, ಆಮೇಲೆ ಥ್ರಾಟಲ್ ಕೊಡಿ, ಹೆದರಿ ಥ್ರಾಟಲ್ ಬಿಟ್ರೆ ಸ್ಟೀರಿಂಗೂ ಹೋಯ್ತು. ಫ್ಯಾನಿಗೆ ಗಾರ್ಡ್ ಇಲ್ದೆ ಮಾತ್ರ ಓಡಿಸ್ಬೇಡಿ.