ಊಟ ಆಯ್ತಾ, ಸೀರಿಯಲ್ ನೋಡಿದ್ರಾ: ಇಷ್ಟೇ ಮಾತಾಡುವವರು ಸ್ನೇಹಿತರಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಫೋನಲ್ಲೇ ಪರಿಚಯ ಆದ ನಾಲ್ಕೈದು ಜನರ ಜೊತೆ ದಿನಾ ರಾತ್ರಿ ಹರಟುತ್ತೀರಿ, ಮಾತೆಲ್ಲ ಊಟ, ಮಳೆ, ಸೀರಿಯಲ್ ಅಷ್ಟೇ, ಮನೆಯವರು ಟೈಮ್ ವೇಸ್ಟ್ ಅನ್ನುತ್ತಾರೆ, ಇವರನ್ನು ಸ್ನೇಹಿತರು ಅಂತ ಕರೆಯಬಹುದಾ ಅಂತ ಕೇಳಿದ್ದೀರಿ. ಕೊನೆಗೆ ಒಂದೇ ಸಾಲಿನಲ್ಲಿ, ಯಾವುದೋ ಸೀರಿಯಲ್ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಅವರಲ್ಲಿ ಒಬ್ಬರು ಎರಡು ವಾರದಿಂದ ಸುಮ್ಮನಾಗಿದ್ದಾರೆ, ಏನಂತ ಬರೆಯಲಿ ಅಂತಲೂ ಕೇಳಿದ್ದೀರಿ. ನನಗೆ ಆ ಕೊನೆಯ ಸಾಲೇ ದೊಡ್ಡ ಪ್ರಶ್ನೆ ಅನಿಸಿತು. ಅದಕ್ಕೆ ಬರುತ್ತೇನೆ, ಆದರೆ ಸ್ವಲ್ಪ ಸುತ್ತಿ ಬರಬೇಕು.

ನಾನು ಉಡುಪಿಯವಳು. ಬನ್ನಂಜೆ ಹತ್ತಿರ ಮನೆ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹಗಲು ಕಟಿಂಗ್ ಮತ್ತು ಮೆಷಿನ್ ಕೆಲಸ. ರಾತ್ರಿ ಕೈಹೊಲಿಗೆ, ಅಂದರೆ ಹೆಮ್ಮಿಂಗ್, ಹುಕ್ಸ್, ಸೀರೆಗೆ ಫಾಲ್. ಕೈಹೊಲಿಗೆಗೆ ಕೂತರೆ ನನಗೆ ಟಿವಿ ಬೇಕೇ ಬೇಕು. ಕಣ್ಣು ಬಟ್ಟೆ ಮೇಲೆ, ಕಿವಿ ಟಿವಿ ಮೇಲೆ. ಕೈ ಬಿಡುವಿಲ್ಲದ್ದರಿಂದ ಟೈಪ್ ಮಾಡುವುದು ಕಡಿಮೆ, ವಾಯ್ಸ್ ಮೆಸೇಜೇ ಜಾಸ್ತಿ.

ನಮ್ಮ ಗುಂಪಿನಲ್ಲಿ ಐದು ಜನ. ಶಿರಸಿ ಅಕ್ಕ, ಮೈಸೂರು ಮೇಡಂ, ಹುಬ್ಬಳ್ಳಿ ಅಣ್ಣ, ದುಬೈ ತಮ್ಮ, ನಾನು. ದುಬೈ ತಮ್ಮ ಅಂದರೆ ಸುರತ್ಕಲ್‌ನ ಹುಡುಗ, ಕೆಲಸ ಅಲ್ಲಿ. ಮೊದಲ ಒಂದು ವರ್ಷ ಯಾರ ಪೂರ್ತಿ ಹೆಸರೂ ನಮಗೆ ಗೊತ್ತಿರಲಿಲ್ಲ. ಊರೇ ಹೆಸರು. ಈಗ ಗೊತ್ತಿದ್ದರೂ ಕರೆಯುವುದು ಹಾಗೆಯೇ.

ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಮಾರ್ಚ್ 28ರಿಂದ ದೂರದರ್ಶನದಲ್ಲಿ ಹಳೆಯ ರಾಮಾಯಣ ಮತ್ತೆ ಹಾಕಿದರಲ್ಲ, ಬೆಳಿಗ್ಗೆ 9ಕ್ಕೆ ಒಂದು, ರಾತ್ರಿ 9ಕ್ಕೆ ಒಂದು. 1987ರಲ್ಲಿ ಮೊದಲ ಸಲ ಬಂದಾಗ ನಾನು ಮಂಗಳೂರಲ್ಲಿ ಅಜ್ಜಿ ಮನೆಯಲ್ಲಿ ಇದ್ದೆ. ಆದಿತ್ಯವಾರ ಬೆಳಿಗ್ಗೆ ಒಂಬತ್ತೂವರೆಗೆ ಪಕ್ಕದ ಮನೆಯ ಚಾವಡಿ ತುಂಬುತ್ತಿತ್ತು. ಅಜ್ಜಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಯಕ್ಷಗಾನ ನೋಡಿ, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿ ಕಥೆಯೆಲ್ಲ ಬಾಯಿಪಾಠ. ಟಿವಿಯಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ಅವರು ಏನು ಹೇಳುತ್ತಿದ್ದಾರೆ ಅಂತ ಅಜ್ಜಿ ತುಳುವಿನಲ್ಲಿ ಹೇಳುತ್ತಿದ್ದರು. ಚಾವಡಿಯಲ್ಲಿ ಇದ್ದವರು ಅರ್ಧ ಟಿವಿ ನೋಡಿದ್ದು, ಅರ್ಧ ಅಜ್ಜಿಯನ್ನು ಕೇಳಿದ್ದು.

2020ರಲ್ಲಿ ವಾಲಿಯ ಕಥೆ ಬಂದ ದಿನ ಒಂದು ಫೇಸ್‌ಬುಕ್ ಗುಂಪಿನಲ್ಲಿ ಹುಬ್ಬಳ್ಳಿ ಅಣ್ಣ ಕೇಳಿದರು, ಮರದ ಹಿಂದೆ ನಿಂತು ಬಾಣ ಬಿಟ್ಟದ್ದು ಸರಿಯೇನ್ರಿ ಅಂತ. ನಾನು ಅಜ್ಜಿ ಹೇಳುತ್ತಿದ್ದ ಹಾಗೆ ವಾಲಿ ರಾಮನಿಗೆ ಹಾಕುವ ಪ್ರಶ್ನೆಗಳನ್ನು ಉದ್ದಕ್ಕೆ ಬರೆದೆ. ತಾಳಮದ್ದಳೆಯಲ್ಲಿ ಆ ವಾದ ಗಂಟೆಗಟ್ಟಲೆ ನಡೆಯುತ್ತದೆ, ಬಾಣ ತಾಗಿ ಬಿದ್ದವನೇ ಅಲ್ಲಿ ಜಾಸ್ತಿ ಮಾತಾಡುತ್ತಾನೆ. ಶಿರಸಿ ಅಕ್ಕನಿಗೂ ಯಕ್ಷಗಾನ ಅಂದರೆ ಪ್ರಾಣ, ಅವರು ಬಂದು ಸೇರಿಕೊಂಡರು. ಉಳಿದ ಇಬ್ಬರೂ ಅಲ್ಲೇ ಸಿಕ್ಕಿದ್ದು. ರಾಮಾಯಣ ಮುಗಿಯುವ ಹೊತ್ತಿಗೆ ನಾವು ಐದು ಜನ ವಾಟ್ಸಾಪ್‌ಗೆ ಬಂದಾಗಿತ್ತು.

ಆಮೇಲೆ ನೋಡಿದ್ದೆಲ್ಲ ಸಣ್ಣ ಪುಟ್ಟ ಸೀರಿಯಲ್, ಹಾಡಿನ ಸ್ಪರ್ಧೆ, ಹಳೆಯ ಸಿನಿಮಾ. ಒಂದು ವಾರವಂತೂ ಮಾಲ್ಗುಡಿ ಡೇಸ್ ಯಾರ ಊರಿಗೆ ಸೇರಿದ್ದು ಅಂತ ಜಗಳ. ಬರೆದ ಆರ್.ಕೆ. ನಾರಾಯಣ್ ಇದ್ದದ್ದು ಯಾದವಗಿರಿಯಲ್ಲಿ, ಹಾಗಾಗಿ ಮೈಸೂರಿಗೆ ಅಂತ ಮೇಡಂ. ತೆಗೆದ ಶಂಕರ್ ನಾಗ್ ಹೊನ್ನಾವರದ ಕಡೆಯವರು, ನಮ್ಮ ಜಿಲ್ಲೆಗೆ ಅಂತ ಶಿರಸಿ ಅಕ್ಕ. ಶೂಟಿಂಗ್ ಆದದ್ದು ಆಗುಂಬೆಯಲ್ಲಿ. ಆಗುಂಬೆ ಶಿವಮೊಗ್ಗ ಜಿಲ್ಲೆಯೇ ಇರಬಹುದು, ಆದರೆ ಉಡುಪಿಯಿಂದ ಘಾಟಿ ಹತ್ತಿದರೆ ಸಿಗುವ ಊರು, ಅಲ್ಲಿನ ದೊಡ್ಡಮನೆಯ ಜಗಲಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಈ ಜಗಳ ಇನ್ನೂ ತೀರ್ಮಾನ ಆಗಿಲ್ಲ. ಆಗುವುದೂ ಬೇಡ.

ಒಂದು ವಿಷಯದಲ್ಲಿ ಮಾತ್ರ ಐದೂ ಜನ ಒಂದೇ ಕಡೆ. ಸೀರಿಯಲ್‌ಗಳಲ್ಲಿ ನಮ್ಮ ಕಡೆಯ ಮಾತನ್ನು ಹಾಳು ಮಾಡುತ್ತಾರೆ. ಮಂಗಳೂರಿನ ಪಾತ್ರ ಅಂದ ಕೂಡಲೇ ಪ್ರತಿ ವಾಕ್ಯಕ್ಕೂ 'ಮಾರಾಯ್ರೆ' ಅಂಟಿಸುತ್ತಾರೆ, ಪುಸ್ತಕ ಓದಿದ ಹಾಗೆ ಮಾತಾಡಿಸುತ್ತಾರೆ. ಹುಬ್ಬಳ್ಳಿ ಪಾತ್ರ ಅಂದರೆ ಬರೀ ಬೈಗುಳ. ನಾವು ಐದು ಜನ ಐದು ಬಗೆಯ ಕನ್ನಡ ಮಾತಾಡುತ್ತೇವೆ. ಅಣ್ಣ 'ಊಟ ಆತೇನ್ರಿ' ಅನ್ನುತ್ತಾರೆ, ನಾನು 'ಎಂತ ಅಡಿಗೆ' ಅನ್ನುತ್ತೇನೆ. ಒಬ್ಬರದ್ದು ಇನ್ನೊಬ್ಬರಿಗೆ ಅರ್ಥ ಆಗದೆ ನಿಂತ ದಿನ ಒಂದೂ ಇಲ್ಲ. ಟಿವಿಯಲ್ಲಿ ಯಾಕೆ ಹಾಗೆ ಮಾಡಲು ಆಗುವುದಿಲ್ಲವೋ.

ಈಗ ನಿಮ್ಮ ಮೊದಲ ಪ್ರಶ್ನೆ, ಇವರು ಸ್ನೇಹಿತರಾ ಅಂತ. ನಾನು ಹೌದು ಅನ್ನುತ್ತೇನೆ. ಯಾಕೆ ಅಂತ ಹೇಳಲು ನಮ್ಮ 'ಬಂತು' ಕಥೆ ಹೇಳಬೇಕು.

ಚಂದನದಲ್ಲಿ 'ಥಟ್ ಅಂತ ಹೇಳಿ' ಬರುತ್ತದಲ್ಲ, ಡಾಕ್ಟರ್ ನಾ. ಸೋಮೇಶ್ವರ ನಡೆಸುವ ಕ್ವಿಜ್, 2002ರಿಂದ ಬರುತ್ತಿದೆ, ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾರೆ. ಅದನ್ನು ನಾವು ಗುಂಪಿನಲ್ಲಿ ಆಡುತ್ತೇವೆ. ಪ್ರಶ್ನೆ ಬಂದ ಕೂಡಲೇ ಯಾರು ಮೊದಲು ಉತ್ತರ ಹಾಕುತ್ತಾರೋ ಅವರು ಗೆದ್ದ ಹಾಗೆ. ಕೆಲವು ದಿನ ಆದ ಮೇಲೆ ದುಬೈ ತಮ್ಮ ಉತ್ತರ ಹಾಕುವುದನ್ನೇ ಬಿಟ್ಟ. ಕೇಳಿದರೆ, ಅಕ್ಕಾ, ನನಗೆ ಪ್ರಶ್ನೆ ಬರುವಾಗ ನಿಮ್ಮ ಉತ್ತರ ಬಂದಾಗಿರುತ್ತದೆ ಅಂದ. ನಮ್ಮದು ಕೇಬಲ್, ಡಿಶ್. ಅವನದು ಫೋನಲ್ಲಿ ಯೂಟ್ಯೂಬ್ ಲೈವ್. ಇಂಟರ್ನೆಟ್‌ನಲ್ಲಿ ಬರುವ ಲೈವ್ ನಿಜಕ್ಕೂ ಆ ಕ್ಷಣದ್ದಲ್ಲ. ವಿಡಿಯೋವನ್ನು ಕೆಲವು ಸೆಕೆಂಡಿನ ತುಂಡು ಮಾಡಿ ಕಳಿಸುತ್ತಾರೆ, ನಡುವೆ ನಿಲ್ಲಬಾರದು ಅಂತ ಫೋನು ಒಂದಷ್ಟು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಕ್ರಿಕೆಟ್ ಇರುವ ದಿನ ಪಕ್ಕದ ಮನೆಯವರು ಕೂಗಿ ಸ್ವಲ್ಪ ಹೊತ್ತಾದ ಮೇಲೆ ನಮ್ಮ ಫೋನಲ್ಲಿ ಸಿಕ್ಸರ್ ಕಾಣುತ್ತದಲ್ಲ, ಅದೇ. ಅವನಿಗೆ ಅರ್ಧ ನಿಮಿಷಕ್ಕಿಂತ ಜಾಸ್ತಿ ತಡ ಆಗುತ್ತಿತ್ತು.

ಆವತ್ತಿನಿಂದ ಒಂದು ಕಟ್ಟಳೆ ಮಾಡಿದೆವು. ಉತ್ತರ ಗೊತ್ತಿದ್ದರೂ ಯಾರೂ ಹಾಕುವ ಹಾಗಿಲ್ಲ. ಅವನು 'ಬಂತು' ಅಂತ ಹಾಕಬೇಕು, ಆಮೇಲೆ ಆಟ. ನಾಲ್ಕು ಜನ ನಾಲ್ಕು ಊರಲ್ಲಿ ಉತ್ತರವನ್ನು ಬಾಯಲ್ಲಿ ಇಟ್ಟುಕೊಂಡು ಕಾಯುತ್ತೇವೆ. ಅಷ್ಟರಲ್ಲಿ ಟಿವಿಯಲ್ಲಿ ಸರಿ ಉತ್ತರವೇ ಹೇಳಿ ಆಗಿರುತ್ತದೆ, ಆದರೂ ನಾವು ಮೊದಲು ಮನಸ್ಸಿಗೆ ಬಂದದ್ದನ್ನೇ ಹಾಕುತ್ತೇವೆ, ತಪ್ಪಾಗಿದ್ದರೆ ತಪ್ಪನ್ನೇ ಹಾಕುತ್ತೇವೆ. ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರೂ ಮೋಸ ಮಾಡಿದ್ದು ನನಗೆ ಗೊತ್ತಿಲ್ಲ. ಮುಖ ನೋಡದವರಿಗಾಗಿ ದಿನಾ ಕಾಯುವುದು, ಒಬ್ಬರ ಮಾತನ್ನು ಒಬ್ಬರು ನಂಬುವುದು, ಇದಕ್ಕೆ ಸ್ನೇಹ ಅಲ್ಲದೆ ಬೇರೆ ಹೆಸರು ನನಗೆ ಸಿಗುತ್ತಿಲ್ಲ.

ಇನ್ನು ಸುಮ್ನೆ ಮಾತು, ಊಟ, ಮಳೆ, ಮೀನಿನ ರೇಟು. ಇದನ್ನು ನೀವು ಸಣ್ಣದು ಅಂದುಕೊಂಡಿದ್ದೀರಿ ಅಲ್ವಾ?

2020ರ ಸೆಪ್ಟೆಂಬರ್ 20, ಆದಿತ್ಯವಾರ. ಉಡುಪಿಗೆ ಬಂದ ನೆರೆ ನಿಮಗೂ ನೆನಪಿರಬಹುದು. ರಾತ್ರಿಯಿಡೀ ಸುರಿದು ಬೆಳಗಾಗುವಷ್ಟರಲ್ಲಿ ಕಲ್ಸಂಕ, ಬನ್ನಂಜೆ, ಮಠದ ಸುತ್ತಮುತ್ತ ಎಲ್ಲ ನೀರು. ನಮ್ಮ ಅಂಗಳಕ್ಕೆ ನೀರು ಹತ್ತುವಾಗ ಇನ್ನೂ ಕತ್ತಲೆ, ಕರೆಂಟ್ ಇಲ್ಲ. ನಾನು ಗುಂಪಿಗೆ 'ನೀರು ಬರ್ತಾ ಉಂಟು' ಅಂತ ಮೂರು ಶಬ್ದ ಹಾಕಿ ಅತ್ತೆಯನ್ನು ಎಬ್ಬಿಸಲು ಹೋದೆ. ಬಂದು ನೋಡಿದರೆ ಮೈಸೂರು ಮೇಡಂ ವಾಯ್ಸ್ ಮೆಸೇಜ್. 'ಹೊಲಿಗೆ ಮೆಷಿನ್ ಮೋಟರ್ ಟೇಬಲ್ ಕೆಳಗಡೆ ಇದೆ ಅಂದಿದ್ರಲ್ವಾ, ಮೊದಲು ಅದನ್ನ ಬಿಚ್ಚಿ ಮೇಲಿಡಿ. ಕೆಳಗಿನ ಗೂಡಲ್ಲಿ ಮದುವೆ ಮನೆಯವರ ಸೀರೆ ಇಟ್ಟಿದೀನಿ ಅಂದ್ರಿ, ಅದನ್ನೂ ತೆಗೀರಿ.' ಆ ಗಡಿಬಿಡಿಯಲ್ಲಿ ಎರಡೂ ನನಗೆ ನೆನಪಿಗೆ ಬಂದಿರಲಿಲ್ಲ. ಮೋಟರಿನ ಮಾತು ನಾನು ಯಾವತ್ತೋ ಜೂನ್‌ನಲ್ಲಿ, ಸೀರಿಯಲ್ ಮಧ್ಯೆ ಜಾಹೀರಾತು ಬಂದಾಗ ಹೇಳಿದ್ದು. ಕಾಲಿಗೆ ತಾಗುತ್ತದೆ, ಬಿಸಿಯಾಗುತ್ತದೆ ಅಂತ ಏನೋ. ಅವರು ಕೇಳಿಸಿಕೊಂಡಿದ್ದರು, ಇಟ್ಟುಕೊಂಡಿದ್ದರು. ಮೂರೂವರೆ ಸಾವಿರದ ಸೀರೆ ಐದು, ಎಲ್ಲ ಉಳಿಯಿತು. ಮೋಟರೂ ಉಳಿಯಿತು.

ನಮ್ಮ ಮನೆಯ ಗೋಡೆಗೆ ಅಂಟಿಕೊಂಡ ಹಾಗೆ ಇರುವವರಿಗೂ ಆ ಮೋಟರ್ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಅವರು ಒಳ್ಳೆಯವರೇ. ಆದರೆ ದಿನಾ ಅಷ್ಟು ಹೊತ್ತು ಮಾತಾಡಿಲ್ಲ ಅಷ್ಟೇ.

ಇನ್ನೊಂದು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಮೀನು ಹಿಡಿಯಲು ಹೋಗುವ ಹಾಗಿಲ್ಲ. ಆ ದಿನಗಳಲ್ಲಿ ನಾನು ಒಣಮೀನು ಚಟ್ನಿ, ಗಂಜಿ ಅಂತ ಹೇಳಿಕೊಳ್ಳುತ್ತಾ ಇರುತ್ತೇನೆ. ಮೇಡಂ ಮೀನು ಮುಟ್ಟುವವರಲ್ಲ. ಆದರೆ ಆಗಸ್ಟ್ ಶುರುವಾದರೆ ಅವರದ್ದೇ ಮೊದಲ ಮೆಸೇಜ್: 'ಬಂಗುಡೆ ಬಂತಾ?'

ಮನೆಯವರ ಮಾತಿಗೆ ಜಾಸ್ತಿ ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲೂ ಮೊದಲು ಹೇಳುತ್ತಿದ್ದರು. ನಾನು ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಲು ಶುರು ಮಾಡಿದೆ. ಈಗ ಮಾವಿನಕಾಯಿ ಕಾಲ ಬಂದರೆ ಅತ್ತೆ ಶಿರಸಿ ಅಕ್ಕ ಹೇಳಿದ ಅಪ್ಪೆಹುಳಿ ಮಾಡುತ್ತಾರೆ. ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ದುಡ್ಡು, ಒಟಿಪಿ, ಬ್ಯಾಂಕ್ ವಿಷಯ ಯಾರು ಎತ್ತಿದರೂ ಅಲ್ಲಿಗೆ ನಿಲ್ಲಿಸಿ. ಮನೆ ವಿಳಾಸ ಕೊಡಲು ನಾನು ಮೂರು ವರ್ಷಕ್ಕಿಂತ ಜಾಸ್ತಿ ತೆಗೆದುಕೊಂಡೆ.

ಕೊಟ್ಟದ್ದು 2024ರ ಪರ್ಯಾಯಕ್ಕೆ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಹಬ್ಬಕ್ಕೆ. ಜನವರಿ 18ರ ಬೆಳಗಿನ ಜಾವ ಪುತ್ತಿಗೆ ಮಠದ ಪರ್ಯಾಯ, ಹಿಂದಿನ ರಾತ್ರಿ ಉಡುಪಿ ನಿದ್ದೆ ಮಾಡುವುದಿಲ್ಲ. ಹುಬ್ಬಳ್ಳಿ ಅಣ್ಣ, ಅತ್ತಿಗೆ 17ರ ಸಂಜೆ ಬಂದರು. ಬಾಗಿಲಲ್ಲಿ ನಿಂತಾಗ ಇಬ್ಬರಿಗೂ ಮಾತೇ ಇಲ್ಲ. ಸ್ವರ ಗೊತ್ತು, ಮುಖ ಹೊಸದು. ಗೋಳಿಬಜೆ ಕೊಟ್ಟೆ, ಚಾ ಕೊಟ್ಟೆ, ಬಸ್ಸು ಹೇಗಿತ್ತು ಕೇಳಿದೆ, ಮುಗಿಯಿತು. ಆಮೇಲೆ ಹೊತ್ತಾಯಿತು ಅಂತ ಟಿವಿ ಹಾಕಿದೆ, ಹೊಲಿಗೆ ಎತ್ತಿಕೊಂಡೆ. ಕ್ವಿಜ್ ಶುರುವಾಯಿತು. ಪ್ರಶ್ನೆ ಕೇಳಿದ ಕೂಡಲೇ ಅಣ್ಣ ಬಾಯಿ ತೆರೆದು ಹಾಗೇ ಮುಚ್ಚಿಕೊಂಡು ಫೋನ್ ನೋಡಿದರು, ತಮ್ಮನ 'ಬಂತು' ಬರಲಿ ಅಂತ. ನಾನೂ ಅದನ್ನೇ ನೋಡುತ್ತಿದ್ದೆ. ಆ ಹೊತ್ತಿನಿಂದ ಮಾತು ನಿಲ್ಲಲೇ ಇಲ್ಲ. ರಾತ್ರಿ ಜೋಡುಕಟ್ಟೆಗೆ ಮೆರವಣಿಗೆ ನೋಡಲು ಹೋಗುವಾಗಲೂ, ರಥಬೀದಿಯ ಆ ಜನದ ನಡುವೆಯೂ.

ಅದೇ ಅಣ್ಣ ಅದಕ್ಕೂ ಒಂದು ವರ್ಷ ಮೊದಲು ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ನಿಮ್ಮ ಕೊನೆಯ ಸಾಲಿಗೆ ಬಂದೆ. 2022ರ ಡಿಸೆಂಬರ್ ಕೊನೆಗೆ ಬಿಗ್ ಬಾಸ್ ಒಂಬತ್ತನೇ ಸೀಸನ್ ಮುಗಿದು ಮಂಗಳೂರಿನ ರೂಪೇಶ್ ಶೆಟ್ಟಿ ಗೆದ್ದರು. ನಮಗೆ ಖುಷಿಯೋ ಖುಷಿ. ಅಣ್ಣ, ನಿಮ್ಮ ಕಡೆಯವರು ಅಂತ ಕಣ್ಣು ಮುಚ್ಚಿ ವೋಟ್ ಹಾಕ್ತೀರಿ ಅಂದರು. ನಾನು ಸಿಟ್ಟಿನಲ್ಲಿ, ನಿಮಗೆ ಹೊಟ್ಟೆಕಿಚ್ಚು ಅಂದೆ. ಅಣ್ಣನಿಗೆ ಅದು ತಾಗಿತು. ಹೊಸ ವರ್ಷದ ಶುಭಾಶಯವೂ ಇಲ್ಲ. ಎರಡು ವಾರ ನೀಲಿ ಗುರುತು ಮಾತ್ರ, ಓದುತ್ತಾರೆ, ಮಾತಿಲ್ಲ. ನಾನು ಉದ್ದದ ಕ್ಷಮಾಪಣೆ ಬರೆದು ಬರೆದು ಅಳಿಸಿದೆ. ಯಾಕೆಂದರೆ ಅಷ್ಟು ಉದ್ದದ್ದು ಕಳಿಸಿದರೆ ಅವರೂ ಅಷ್ಟೇ ಉದ್ದ ಉತ್ತರ ಕೊಡಬೇಕು, ಯಾರದ್ದು ಎಷ್ಟು ತಪ್ಪು ಅಂತ ಲೆಕ್ಕ ಹಾಕಬೇಕು. ಸಂಕ್ರಾಂತಿಯ ಹಿಂದಿನ ದಿನ ಇಷ್ಟೇ ಕಳಿಸಿದೆ: 'ಅಣ್ಣಾ, ತಪ್ಪಾಯ್ತು. ನಾಳೆಗೆ ಎಂತ ಅಡಿಗೆ?'

ಅರ್ಧ ಗಂಟೆಗೆ ಉತ್ತರ ಬಂತು. 'ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಗಿ. ನಿಮ್ಮಲ್ಲಿ ಏನ್ರಿ?'

ನಿಮ್ಮ ಗೆಳತಿಗೆ ಸೀರಿಯಲ್ ಬಗ್ಗೆ ಯಾರು ಸರಿ ಅಂತ ವಿವರಿಸಲು ಹೋಗಬೇಡಿ. ಅವರ ಊರಲ್ಲಿ ಮಳೆ ಬರುತ್ತಾ, ಅವರ ಅಮ್ಮನ ಮಂಡಿನೋವು ಹೇಗಿದೆ, ಹೀಗೆ ಅವರು ನಿಮಗೆ ಮೊದಲು ಹೇಳಿದ ಯಾವುದಾದರೂ ಒಂದನ್ನು ಕೇಳಿ. ಇವತ್ತು ರಾತ್ರಿ ನೀವಿಬ್ಬರೂ ನೋಡುವ ಸೀರಿಯಲ್ ಶುರುವಾಗುವ ಹತ್ತು ನಿಮಿಷ ಮೊದಲು ಕಳಿಸಿ, ಆ ಹೊತ್ತಿಗೆ ಫೋನ್ ಅವರ ಕೈಯಲ್ಲೇ ಇರುತ್ತದೆ.