ಓದುಗರ ಪ್ರಶ್ನೆ, ನಮ್ಮ ಉತ್ತರ: ಕಂಪನಿ ಬೆಳೆಯಿತು, ಪದ್ಧತಿ ಬೆಳೆಯಲಿಲ್ಲ

ಪ್ರಶ್ನೆ: ಪೀಣ್ಯದ ಒಂದು ಮೆಷಿನಿಂಗ್ ಕಂಪನಿಯಲ್ಲಿ ಸೆಟ್ಟರ್, ಅಂದರೆ ಮೆಷಿನ್ ಹೊಂದಿಸಿಕೊಡುವ ಕೆಲಸದಲ್ಲಿದ್ದೇನೆ. ಮೂರು ವರ್ಷದಲ್ಲಿ 30 ಜನ ಇದ್ದವರು 150 ಆದೆವು. ಡ್ರಾಯಿಂಗ್ ಬದಲಾವಣೆ ಮಾತ್ರ ಈಗಲೂ ಫೋನಿನಲ್ಲೋ ವಾಟ್ಸಾಪ್‌ನಲ್ಲೋ ಬರುತ್ತದೆ. ಪೀಸು ರಿಜೆಕ್ಟ್ ಆದರೆ ಬೈಗುಳ ಆಪರೇಟರ್‌ಗೆ. ಇಲ್ಲಿನ ವಾತಾವರಣವೇ ಕೆಟ್ಟಿದೆ ಅನ್ನಿಸುತ್ತದೆ. ಏನು ಮಾಡಲಿ?
— ಬೆಂಗಳೂರಿನ ಓದುಗರು

ಉತ್ತರ: 30 ಜನ ಇದ್ದಾಗ ಮಾಲೀಕರೇ ದಿನಕ್ಕೆ ಎರಡು ಸಲ ಪ್ರತಿ ಮೆಷಿನ್ ಮುಂದೆ ಬಂದು ನಿಲ್ಲುತ್ತಾರೆ, ಬಾಯಿಮಾತಿನಲ್ಲೇ ಕೆಲಸ ನಡೆಯುತ್ತದೆ. 150 ಜನ, ಮೂರು ಶಿಫ್ಟ್ ಆದಮೇಲೆ ಬೆಳಿಗ್ಗೆ ಹೇಳಿದ್ದು ರಾತ್ರಿಯವರಿಗೆ ಮುಟ್ಟುವುದಿಲ್ಲ. ನಿಮ್ಮಲ್ಲಿ ಕೆಟ್ಟಿರುವುದು ಜನರಿಗಿಂತ ಹೆಚ್ಚಾಗಿ ಕಾಗದ.

ಮೊದಲು ಡ್ರಾಯಿಂಗ್. ಮೆಷಿನ್ ಬಳಿ ಇರುವ ಪ್ರತಿ ಹಾಳೆಯ ಮೇಲೆ ರಿವಿಷನ್ ಅಕ್ಷರ (ಎಷ್ಟನೇ ತಿದ್ದುಪಡಿ ಎಂಬ ಗುರುತು), ತಾರೀಖು, ಕೊಟ್ಟವರ ಸಹಿ ಇರಬೇಕು. ಹೊಸದು ಬಂದಾಗ ಹಳೆಯದನ್ನು ಅಲ್ಲೇ ವಾಪಸ್ ಪಡೆಯಬೇಕು. ಎರಡೂ ಒಂದೇ ಕ್ಲಿಪ್ಪಿನಲ್ಲಿ ನೇತಾಡುತ್ತಿದ್ದರೆ ರಾತ್ರಿ ಶಿಫ್ಟಿನವರು ಕೈಗೆ ಸಿಕ್ಕಿದ್ದನ್ನು ನೋಡುತ್ತಾರೆ. ಇದರ ಜೊತೆಗೆ ಅರ್ಧ ಪುಟದ ಬದಲಾವಣೆ ಚೀಟಿ: ಪಾರ್ಟ್ ನಂಬರ್, ಯಾವ ಅಳತೆ ಎಷ್ಟರಿಂದ ಎಷ್ಟಕ್ಕೆ, ಯಾವ ಬ್ಯಾಚಿನಿಂದ ಜಾರಿ, ಆಗಲೇ ಮೆಷಿನ್ ಆಗಿರುವ ಪೀಸುಗಳನ್ನು ಏನು ಮಾಡುವುದು. ಈ ಕೊನೆಯದನ್ನು ಬರೆಯುವವರು ಕಡಿಮೆ. ಅರ್ಧ ಕೆಲಸ ಮುಗಿದು ಬಿನ್‌ನಲ್ಲಿ ಕೂತ ಪೀಸುಗಳೇ ಮುಂದಿನ ವಾರದ ಜಗಳಕ್ಕೆ ಕಾರಣ.

ಇದೆಲ್ಲ ಬರುವವರೆಗೆ ಫೋನಿನಲ್ಲಿ ಹೇಳಿದ್ದಕ್ಕೆ ನೀವೇ ಬರೆದು ಉತ್ತರಿಸಿ. ಬೋರ್, ಅಂದರೆ ಪೀಸಿನ ರಂಧ್ರದ ಅಳತೆ, ಬದಲಾಗಿದ್ದರೆ ಹೀಗೆ: ‘ಸರ್, ನೀವು ಹೇಳಿದಂತೆ ಬೋರ್ 25.00 ಇದ್ದದ್ದನ್ನು 25.02ಕ್ಕೆ ಇಂದಿನ ಎರಡನೇ ಶಿಫ್ಟಿನಿಂದ ಬದಲಿಸುತ್ತಿದ್ದೇನೆ. ಸರಿ ತಾನೇ?’ ಇದರಲ್ಲಿ ದೂರಿನ ದನಿ ಇಲ್ಲ, ದಾಖಲೆ ಇದೆ.

ಎರಡನೆಯದು ರಿಜೆಕ್ಷನ್ ಮೀಟಿಂಗ್. ಒಂದು ಉದಾಹರಣೆ ನೋಡಿ. ಬೋರ್ ದೊಡ್ಡದಾಯಿತು. ಯಾಕೆ? ಆಫ್‌ಸೆಟ್ (ಅಳತೆ ಸರಿಪಡಿಸಲು ಮೆಷಿನ್‌ಗೆ ಕೊಡುವ ತಿದ್ದುಪಡಿ) ಎರಡು ಸಲ ಬಿತ್ತು. ಯಾಕೆ? ಹಿಂದಿನ ಶಿಫ್ಟಿನವರು ಕೊಟ್ಟದ್ದು ಗೊತ್ತಿಲ್ಲದೆ ಮುಂದಿನವರೂ ಕೊಟ್ಟರು. ಯಾಕೆ? ಮೆಷಿನ್ ಬಳಿ ಆಫ್‌ಸೆಟ್ ಬರೆದಿಡುವ ಹಾಳೆಯೇ ಇಲ್ಲ, ಶಿಫ್ಟುಗಳ ನಡುವೆ ಹತ್ತು ನಿಮಿಷದ ಭೇಟಿಯೂ ಇಲ್ಲ. ಇಷ್ಟಕ್ಕೇ ನಿಲ್ಲಿಸಬೇಡಿ. ತಪ್ಪು ಯಾಕೆ ಆಯಿತು ಎಂಬುದು ಒಂದು ಪ್ರಶ್ನೆ, ಯಾಕೆ ಸಿಕ್ಕಿಬೀಳಲಿಲ್ಲ ಎಂಬುದು ಬೇರೆ ಪ್ರಶ್ನೆ. ಇಲ್ಲಿ ಉತ್ತರ, ಇನ್‌ಸ್ಪೆಕ್ಷನ್‌ನವರು ಶಿಫ್ಟಿನ ಮೊದಲ ಪೀಸು ಮಾತ್ರ ನೋಡುತ್ತಾರೆ. ಆಫ್‌ಸೆಟ್ ಕೊಟ್ಟಾಗ, ಇನ್‌ಸರ್ಟ್ (ಲೋಹ ಕತ್ತರಿಸುವ ತುದಿ) ಬದಲಿಸಿದಾಗ, ಕರೆಂಟ್ ಹೋಗಿ ಬಂದಾಗಲೂ ಒಂದು ಪೀಸು ಅಳೆದು ಬರೆಯಬೇಕು.

ಇಡೀ ಕಾರ್ಖಾನೆಗೆ ಒಮ್ಮೆಲೇ ಕೇಳಿದರೆ ‘ಪುರುಸೊತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಅತಿ ಹೆಚ್ಚು ರಿಜೆಕ್ಷನ್ ಬರುವ ಒಂದೇ ಪಾರ್ಟಿನ ಮೇಲೆ ಒಂದು ತಿಂಗಳು ಮಾಡಿ, ಹಿಂದಿನ ತಿಂಗಳ ಸ್ಕ್ರಾಪ್ ಲೆಕ್ಕದ ಪಕ್ಕದಲ್ಲಿಟ್ಟು ಕ್ವಾಲಿಟಿ ಮುಖ್ಯಸ್ಥರಿಗೆ ತೋರಿಸಿ. ಇಷ್ಟಾದಮೇಲೂ ಬೈಗುಳವೇ ಉತ್ತರವಾದರೆ ಆಗ ವಾತಾವರಣ ಕೆಟ್ಟಿದೆ ಎನ್ನಬಹುದು.

ಪ್ರಶ್ನೆ: ಊಟದ ವಿರಾಮ ಬಿಟ್ಟು ದಿನಕ್ಕೆ 11 ಗಂಟೆ, ವಾರಕ್ಕೆ ಆರು ದಿನ ಕೆಲಸ. ಹೆಚ್ಚಿನ ಗಂಟೆಗೂ ಮಾಮೂಲಿ ದರವನ್ನೇ ಕೊಡುತ್ತಾರೆ. ಕೇಳಿದರೆ ‘ನಾವೆಲ್ಲ ಒಂದೇ ಕುಟುಂಬ’ ಅನ್ನುತ್ತಾರೆ.
— ಬೆಳಗಾವಿಯ ಫೌಂಡ್ರಿ ಕೆಲಸಗಾರರು

ಉತ್ತರ: ಕುಟುಂಬದ ಮಾತು ಬಂದಾಗಲೆಲ್ಲ ಸಂಬಳದ ಚೀಟಿ ತೆಗೆದು ನೋಡುವುದು ಒಳ್ಳೆಯದು. ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ದರ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲೂ ಆ ದುಪ್ಪಟ್ಟು ಹಾಗೇ ಇದೆ. ಕೆಲಸಗಾರರ ಒಪ್ಪಿಗೆ ಇಲ್ಲದೆ ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಮಾಡಿಸುವಂತೆಯೂ ಇಲ್ಲ.

ವೇತನ 26,000 ಎಂದಿಟ್ಟುಕೊಳ್ಳಿ. 26 ದಿನದ ಲೆಕ್ಕದಲ್ಲಿ ದಿನಕ್ಕೆ 1,000, ಗಂಟೆಗೆ 125, ಓಟಿ ಗಂಟೆಗೆ 250. ನಿಮ್ಮದು ವಾರಕ್ಕೆ 66 ಗಂಟೆ, ಅಂದರೆ 18 ಗಂಟೆ ಓಟಿ. ಬರಬೇಕಾದ್ದು 4,500, ಬರುತ್ತಿರುವುದು 2,250. ಮೂರು ತಿಂಗಳಿಗೆ ಇಷ್ಟೇ ಓಟಿ ಎಂಬ ಮಿತಿಯೂ ಇದೆ. ವಾರವಾರ 18 ಗಂಟೆ ಮಾಡಿಸಿದರೆ ಆ ಮಿತಿಯೂ ದಾಟುತ್ತದೆ.

ಬಂದ ಹೊತ್ತು, ಹೋದ ಹೊತ್ತು ದಿನವೂ ಸಣ್ಣ ಡೈರಿಯಲ್ಲಿ ಬರೆಯಿರಿ. ಪಂಚಿಂಗ್ ದಾಖಲೆ ಕಂಪನಿಯ ಕೈಯಲ್ಲಿರುತ್ತದೆ, ಡೈರಿ ನಿಮ್ಮ ಕೈಯಲ್ಲಿ. ಮೂರು ತಿಂಗಳ ಚೀಟಿಗಳ ಜೊತೆ ನಾಲ್ಕೈದು ಜನ ಸೇರಿ ಎಚ್‌ಆರ್‌ಗೆ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಒಬ್ಬರೇ ಹೋದರೆ ಶಿಫ್ಟ್ ಬದಲಾಯಿಸಿ ಕಾಡುವುದು ಸುಲಭ. ಫಲ ಸಿಗದಿದ್ದರೆ ಕಾರ್ಮಿಕ ಇಲಾಖೆಯ ಸ್ಥಳೀಯ ಕಚೇರಿಗೆ ಹೋಗಿ. ಓಟಿ ತಪ್ಪಿಸಲು ‘ಟೀಮ್ ಲೀಡ್’ ಎಂಬ ಬಿರುದು ಕೊಟ್ಟಿದ್ದರೆ ಹೆದರಬೇಡಿ. ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ನೀವು ನಿಜವಾಗಿ ಮಾಡುವ ಕೆಲಸವನ್ನು.

ಪ್ರಶ್ನೆ: ಡಿಸೈನ್ ಎಂಜಿನಿಯರ್ ಕೆಲಸ ಸಿಕ್ಕಿದೆ. ಎರಡು ವರ್ಷದ ಬಾಂಡ್, ಬಿಟ್ಟರೆ ಒಂದೂವರೆ ಲಕ್ಷ. ಒರಿಜಿನಲ್ ಮಾರ್ಕ್ಸ್ ಕಾರ್ಡೂ ಕೇಳುತ್ತಿದ್ದಾರೆ.
— ಮೈಸೂರಿನ ಓದುಗರು

ಉತ್ತರ: ಮಾರ್ಕ್ಸ್ ಕಾರ್ಡ್ ಕೊಡಬೇಡಿ. ಒರಿಜಿನಲ್ ತೋರಿಸಿ, ದೃಢೀಕರಿಸಿದ ನಕಲು ಕೊಟ್ಟು ಬನ್ನಿ. ಅಷ್ಟಕ್ಕೇ ಆಫರ್ ಹಿಂತೆಗೆದರೆ, ಒಳಗೆ ಹೋದಮೇಲೆ ಗೊತ್ತಾಗಬೇಕಿದ್ದದ್ದು ಹೊರಗೇ ಗೊತ್ತಾಯಿತು.

‘ಬಾಂಡ್ ಎಂದರೆ ಬರೀ ಕಾಗದ’ ಎಂಬ ಗೆಳೆಯರ ಮಾತನ್ನು ಮಾತ್ರ ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ ಮೂರು ವರ್ಷ, ಎರಡು ಲಕ್ಷದ ಬಾಂಡನ್ನು ಎತ್ತಿಹಿಡಿಯಿತು. ಹೊಸಬರ ನೇಮಕಕ್ಕೆ ಆಗುವ ಖರ್ಚನ್ನು ಅದು ಪರಿಗಣಿಸಿತು. ಆದರೆ 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬಾಂಡಿನ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ದೊರೆಯುತ್ತದೆ. ಹಾಗಾಗಿ ಸಹಿಗೆ ಮುನ್ನ ಮೂರು ಸಾಲು ಸೇರಿಸಲು ಕೇಳಿ: ಯಾವ ತರಬೇತಿ, ಅದಕ್ಕೆ ಎಷ್ಟು ಖರ್ಚು, ಪ್ರತಿ ತಿಂಗಳು ದುಡಿದಂತೆ ಮೊತ್ತ ಎಷ್ಟು ಇಳಿಯುತ್ತದೆ.

ಪ್ರಶ್ನೆ: ತಿಂಗಳಿಗೆ ಹತ್ತು ಜನರನ್ನು ತೆಗೆದುಕೊಳ್ಳುತ್ತಿರುವ ಕಂಪನಿಯ ಇಂಟರ್‌ವ್ಯೂಗೆ ಹೋಗುತ್ತಿದ್ದೇನೆ. ಒಳಗಿನ ಸ್ಥಿತಿ ತಿಳಿಯುವುದು ಹೇಗೆ?
— ಹುಬ್ಬಳ್ಳಿಯ ಓದುಗರು

ಉತ್ತರ: ಹಣದಿಂದ ಶುರುಮಾಡಿ. ವೇಗವಾಗಿ ಬೆಳೆಯುವ ಕಂಪನಿಗೆ ಆರ್ಡರಿಗಿಂತ ನಗದಿನ ಕೊರತೆ ಜಾಸ್ತಿ. ಮೆಷಿನ್ ಸಾಲದ ಕಂತು ತಿಂಗಳು ತಿಂಗಳು ಬರುತ್ತದೆ, ಗಿರಾಕಿ 60–90 ದಿನಕ್ಕೆ ಹಣ ಕೊಡುತ್ತಾನೆ. ನಡುವಿನ ಒತ್ತಡ ಬೀಳುವುದು ಸಂಬಳದ ಮೇಲೆ, ಮ್ಯಾನೇಜರರ ನಾಲಿಗೆಯ ಮೇಲೆ. ಇಪಿಎಫ್‌ಓ (ನೌಕರರ ಭವಿಷ್ಯ ನಿಧಿ ಸಂಸ್ಥೆ) ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ಯಾವ ತಿಂಗಳ ಪಿಎಫ್ ಯಾವ ದಿನ ಕಟ್ಟಿದರು, ಎಷ್ಟು ಜನರಿಗೆ ಎಂಬುದು ಕಾಣುತ್ತದೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ್ದು ಮತ್ತೆ ಮತ್ತೆ ತಡವಾಗಿದ್ದರೆ ಹುಷಾರು. 200 ಜನ ಇದ್ದೇವೆ ಎನ್ನುವವರ ಪಟ್ಟಿಯಲ್ಲಿ 60 ಇದ್ದರೆ ಉಳಿದವರು ಗುತ್ತಿಗೆಯವರೇ ಎಂದು ಕೇಳಿ.

ಇಂಟರ್‌ವ್ಯೂನಲ್ಲಿ ಎರಡೇ ಪ್ರಶ್ನೆ ಸಾಕು. ಈ ಹುದ್ದೆ ಹೊಸದೋ, ಯಾರಾದರೂ ಬಿಟ್ಟದ್ದೋ? ನನ್ನ ಮ್ಯಾನೇಜರ್ ಕೈಕೆಳಗೆ ಎಷ್ಟು ಜನ? 15 ದಾಟಿದರೆ ನಿಮಗೆ ಕಲಿಸಲು ಅವರಿಗೆ ಹೊತ್ತಿರುವುದಿಲ್ಲ. ಆಮೇಲೆ ಶಾಪ್ ಫ್ಲೋರ್ ನೋಡಲು ಕೇಳಿ. ಗೋಡೆಯ ಬೋರ್ಡಿನಲ್ಲಿ ಪ್ರೊಡಕ್ಷನ್, ರಿಜೆಕ್ಷನ್ ಅಂಕಿಗಳ ಪಕ್ಕದ ತಾರೀಖು ನಿನ್ನೆಯದೋ, ಮೂರು ತಿಂಗಳ ಹಿಂದಿನದೋ ಓದಿಕೊಳ್ಳಿ.